ಚಿಮ್ಮಿದ ನಾಣ್ಯದ ಮೇಲೆ ಎಷ್ಟು ಬಲ?

ಒಂದು ನಾಣ್ಯವನ್ನು ನೇರ ಮೇಲಕ್ಕೆ ಚಿಮ್ಮಿ. ಅದು ಕೈ ಬಿಟ್ಟು ಇನ್ನೂ ಮೇಲೇರುತ್ತಿದೆ. ಗಾಳಿಯ ತಡೆ ಇಲ್ಲ ಅಂದುಕೊಳ್ಳಿ. ಈಗ ಅದರ ಮೇಲೆ ಯಾವ್ಯಾವ ಬಲಗಳಿವೆ?

ಜಾಸ್ತಿ ಜನ ಎರಡು ಹೇಳುತ್ತಾರೆ: ಕೆಳಗೆಳೆಯುವ ಗುರುತ್ವ, ಮೇಲೆ ತಳ್ಳುವ ಕೈಯ ಬಲ. ಆದರೆ ಇರುವುದು ಗುರುತ್ವ ಒಂದೇ. ಬೆರಳು ಬಿಟ್ಟಾಗಲೇ ಕೈಯ ಬಲ ಮುಗಿಯಿತು, ನಾಣ್ಯಕ್ಕೆ ಉಳಿದದ್ದು ವೇಗ ಮಾತ್ರ. ಅಮೆರಿಕದ ಸಂಶೋಧಕ ಜಾನ್ ಕ್ಲೆಮೆಂಟ್ ಇದನ್ನೇ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೇಳಿ, 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರಶಾಸ್ತ್ರದ, ಅಂದರೆ ಬಲ ಮತ್ತು ಚಲನೆಯ ಪಾಠ ಮುಗಿದ ಮೇಲೂ ಬಹುಪಾಲು ಉತ್ತರ ತಪ್ಪೇ ಇತ್ತು.

ಇದಕ್ಕೂ ಮೊದಲು ವಿಜ್ಞಾನ ಕಲಿಕೆ ಸರಿಯಿಲ್ಲ ಅಂದರೆ ದೂರೆಲ್ಲ ಪುಸ್ತಕದ ಮೇಲೆ ಹೋಗುತ್ತಿತ್ತು. ಅಮೆರಿಕದಲ್ಲಿ 1956ರಲ್ಲಿ ಎಂಐಟಿ ವಿಶ್ವವಿದ್ಯಾಲಯದ ಜೆರಾಲ್ಡ್ ಝಕರಿಯಾಸ್ ಹೈಸ್ಕೂಲ್ ಭೌತಶಾಸ್ತ್ರವನ್ನು ಹೊಸದಾಗಿ ಕಟ್ಟಲು ಹೊರಟರು. ಮರುವರ್ಷ ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿತು, ಸರ್ಕಾರದ ದುಡ್ಡು ಹರಿಯಿತು. ಹೊಸ ಪುಸ್ತಕ, ಹೊಸ ಪ್ರಯೋಗ, ಸಿನಿಮಾ ಎಲ್ಲ ಬಂದವು. ಮಕ್ಕಳ ತಲೆಯಲ್ಲಿ ಮೊದಲೇ ಏನಿದೆ ಅನ್ನುವುದು ಮಾತ್ರ ಆಗ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಆ ಪ್ರಶ್ನೆ ಬಲ ಪಡೆದದ್ದು 1970ರ ದಶಕದ ಕೊನೆಗೆ. ಶಾಲೆಯ ಕೊನೆಯ ವರ್ಷದಿಂದ ವಿಶ್ವವಿದ್ಯಾಲಯದ ಮೂರನೇ ವರ್ಷದವರೆಗೂ ಒಂದೇ ಥರದ ತಪ್ಪು ಯೋಚನೆ ಉಳಿದಿರುತ್ತದೆ ಎಂದು ಫ್ರಾನ್ಸಿನ ಲಾರೆನ್ಸ್ ವಿಯೆನೊ 1979ರಲ್ಲಿ ತೋರಿಸಿದರು.

ನನಗೆ ಇಲ್ಲಿ ಎಲ್ಲರಿಗಿಂತ ಹಿಡಿಸುವವರು ಮಾಲ್ಕಮ್ ವೆಲ್ಸ್. ಅರಿಜೋನಾದ ಹೈಸ್ಕೂಲ್ ಮೇಷ್ಟ್ರು. ಅಲ್ಲಿನ ವಿಶ್ವವಿದ್ಯಾಲಯದ ಪ್ರೊಫೆಸರ್ ಡೇವಿಡ್ ಹೆಸ್ಟೆನಿಸ್ ಅವರು ಇಬ್ರಾಹಿಂ ಹಲೂನ್ ಜೊತೆ ಸೇರಿ ಬಲ, ಚಲನೆಯ ಬಗ್ಗೆ ವಿದ್ಯಾರ್ಥಿಗಳ ತಿಳಿವಳಿಕೆ ಅಳೆಯುವ ಒಂದು ಪರೀಕ್ಷೆ ತಯಾರಿಸಿ, 1985ರಲ್ಲಿ ಅದರ ಬಗ್ಗೆ ಬರೆದಿದ್ದರು. ವೆಲ್ಸ್ ಭಾಷಣ ಬಿಗಿಯುವವರಲ್ಲ, ಮಕ್ಕಳ ಕೈಯಲ್ಲೇ ಪ್ರಯೋಗ ಮಾಡಿಸುವವರು. ತಮ್ಮ ಮಕ್ಕಳಿಗೂ ಆ ಪರೀಕ್ಷೆ ಕೊಟ್ಟರು. ಬಂದ ಕಮ್ಮಿ ಅಂಕ ನೋಡಿ ದಂಗಾದರು. ಅಂದರೆ ಲ್ಯಾಬ್ ಇದ್ದರೆ ಸಾಕು ಅನ್ನುವ ನಂಬಿಕೆಯೂ ಕುಸಿಯಿತು. ನಮ್ಮ ಪಿಯುಸಿ ಪ್ರಾಕ್ಟಿಕಲ್ ನೆನಪಿಸಿಕೊಳ್ಳಿ: ರೀಡಿಂಗ್ ತೆಗೆದು, ರೆಕಾರ್ಡ್ ಬರೆದು, ಸಹಿ ಹಾಕಿಸಿಕೊಂಡರೆ ಆಯ್ತು. ‘ನಿನಗೇನು ಅನ್ನಿಸುತ್ತೆ, ಯಾಕೆ?’ ಎಂದು ಯಾರಾದರೂ ಕೇಳಿದ್ದುಂಟಾ?

ವೆಲ್ಸ್ ಲ್ಯಾಬನ್ನು ಬಿಡಲಿಲ್ಲ, ಅದರ ನಂತರದ ಮಾತನ್ನು ಬದಲಿಸಿದರು. ಮಕ್ಕಳು ಸಣ್ಣ ಗುಂಪುಗಳಲ್ಲಿ ತಾವು ಕಂಡದ್ದನ್ನು ಬಿಳಿ ಬೋರ್ಡಿನ ಮೇಲೆ ಚಿತ್ರ, ಗ್ರಾಫ್, ಸಮೀಕರಣವಾಗಿ ಬರೆದು ತರಗತಿಯ ಮುಂದೆ ನಿಂತು ವಿವರಿಸಬೇಕು. ಉಳಿದವರು ಪ್ರಶ್ನೆ ಹಾಕಬೇಕು. ಮೇಷ್ಟ್ರು ಬಾಯಿ ಹಾಕಿ ಉತ್ತರ ಹೇಳಬಾರದು. ಕಷ್ಟ ಇರುವುದೇ ಅಲ್ಲಿ.

ಹೆಸ್ಟೆನಿಸ್, ವೆಲ್ಸ್ ಮತ್ತು ಗ್ರೆಗ್ ಸ್ವಾಕ್‌ಹ್ಯಾಮರ್ 1992ರಲ್ಲಿ 29 ಪ್ರಶ್ನೆಗಳ ಸುಧಾರಿತ ಪರೀಕ್ಷೆ ಹೊರತಂದರು. ಲೆಕ್ಕ ಒಂದೂ ಇಲ್ಲ, ಬರೀ ಆಯ್ಕೆ ಪ್ರಶ್ನೆಗಳು. ಸಿಇಟಿ, ನೀಟ್ ಬರೆಯುವ ನಮ್ಮ ಮಕ್ಕಳಿಗೆ ಈ ಬಗೆ ಹೊಸದಲ್ಲ. ವ್ಯತ್ಯಾಸ ತಪ್ಪು ಆಯ್ಕೆಗಳಲ್ಲಿದೆ. ಅವು ವಿದ್ಯಾರ್ಥಿಗಳೇ ಹಿಂದೆ ಕೊಟ್ಟಿದ್ದ ಉತ್ತರಗಳಿಂದ ಬಂದವು. ಹಾಗಾಗಿ ಯಾವ ತಪ್ಪಿಗೆ ಟಿಕ್ ಹಾಕಿದ್ದಾರೆ ಎಂದು ನೋಡಿದರೆ ಏನು ನಂಬಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ.

ಹೈಸ್ಕೂಲಿನಿಂದ ವಿಶ್ವವಿದ್ಯಾಲಯದವರೆಗೆ 62 ಕೋರ್ಸ್‌ಗಳ ಸುಮಾರು 6,500 ವಿದ್ಯಾರ್ಥಿಗಳು ಕೋರ್ಸಿನ ಮೊದಲು ಮತ್ತು ಕೊನೆಗೆ ಇಂಥ ಪರೀಕ್ಷೆಗಳಲ್ಲಿ ಪಡೆದ ಅಂಕಗಳನ್ನು ಅಮೆರಿಕದ ಭೌತಶಾಸ್ತ್ರಜ್ಞ ರಿಚರ್ಡ್ ಹೇಕ್ 1998ರಲ್ಲಿ ಒಟ್ಟುಮಾಡಿ ನೋಡಿದರು. ಮೊದಲ ಸಲ ತಪ್ಪಿದ್ದರಲ್ಲಿ ಕೋರ್ಸ್ ಮುಗಿದಾಗ ಎಷ್ಟು ಪಾಲು ಸರಿಯಾಯಿತು? ಕೇಳಿಸಿಕೊಳ್ಳುವ ತರಗತಿಗಳಲ್ಲಿ ಸರಾಸರಿ ಶೇ 23. ಮಾತು, ಚರ್ಚೆ ಇದ್ದ ತರಗತಿಗಳಲ್ಲಿ ಶೇ 48. ಅಲ್ಲೂ ಅರ್ಧಕ್ಕಿಂತ ಹೆಚ್ಚು ತಪ್ಪು ಹಾಗೇ ಉಳಿದಿತ್ತು.