ಮೋಟಮ್ಮ: 1978ರ ಎರಡು ಚುನಾವಣೆಗಳ ಗಂಟು ಬಿಡಿಸಿಕೊಂಡದ್ದು

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಾಂಗ್ರೆಸ್ ನಾಯಕಿ ಮೋಟಮ್ಮನವರ ಬಗ್ಗೆ ಪರೀಕ್ಷೆಗೆಂದು ಬರೆದಿಟ್ಟಿದ್ದ ಟಿಪ್ಪಣಿಯನ್ನು ನಿನ್ನೆ ರಾತ್ರಿ ಮತ್ತೆ ತೆರೆದಾಗ ಅದರ ಮೊದಲ ಸಾಲೇ ತಪ್ಪೆಂಬುದು ತಿಳಿಯಿತು. ‘ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಲ್ಲಿ ಗೆದ್ದ ಅಲೆಯಲ್ಲಿ ಶಾಸಕಿಯಾದರು’ ಎಂದು ಬರೆದು, ಕೆಂಪು ಶಾಯಿಯಲ್ಲಿ ಅಡಿಗೆರೆಯನ್ನೂ ಎಳೆದಿದ್ದೆ. ಎರಡು ಗೆಲುವುಗಳೂ 1978ರವು, ಒಂದೇ ಜಿಲ್ಲೆಯವು, ಒಂದೇ ಪಕ್ಷದವು ಆದ್ದರಿಂದ ನನ್ನ ತಲೆಯಲ್ಲಿ ಅವು ಒಂದೇ ಚುನಾವಣೆಯಾಗಿ ಕೂತುಬಿಟ್ಟಿದ್ದವು.

ತಿಂಗಳುಗಳನ್ನು ಸಾಲಾಗಿ ಬರೆದುಕೊಂಡರೆ ಗಂಟು ಬಿಡುತ್ತದೆ. ಜನವರಿಯಲ್ಲಿ ಕಾಂಗ್ರೆಸ್ ಒಡೆದು ಇಂದಿರಾ ಕಾಂಗ್ರೆಸ್ ಹುಟ್ಟಿತು. ಫೆಬ್ರವರಿಯಲ್ಲಿ ವಿಧಾನಸಭೆಗೆ ಚುನಾವಣೆ ನಡೆದು, 224 ಸ್ಥಾನಗಳಲ್ಲಿ 149ನ್ನು ಗೆದ್ದ ಆ ಹೊಸ ಪಕ್ಷದಿಂದ ದೇವರಾಜ ಅರಸು ಮುಖ್ಯಮಂತ್ರಿಯಾದರು; ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಮೂಡಿಗೆರೆಯಿಂದ ಮೋಟಮ್ಮ ಮೊದಲ ಬಾರಿ ಗೆದ್ದದ್ದು ಆಗ. ಲೋಕಸಭಾ ಉಪಚುನಾವಣೆ ನಡೆದದ್ದು ನವೆಂಬರಿನಲ್ಲಿ. 1977ರಲ್ಲಿ ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಅವರಿಗಾಗಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಸ್ಥಾನವನ್ನು ತೆರವು ಮಾಡಿದರು, ಜನತಾ ಪಕ್ಷದ ವೀರೇಂದ್ರ ಪಾಟೀಲರು ಎದುರಾಳಿಯಾದರು, ಇಂದಿರಾ ಅವರ ಗೆಲುವಿನ ಅಂತರ 70 ಸಾವಿರ ಮತಗಳನ್ನು ದಾಟಿತು. ಡಿಸೆಂಬರಿನಲ್ಲಿ ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆ ಇಂದಿರಾ ಅವರನ್ನು ಹೊರಹಾಕಿತು. ಅಂದರೆ ಇಂದಿರಾ ಇಲ್ಲಿ ಮತ ಕೇಳುವ ಹೊತ್ತಿಗೆ ಮೋಟಮ್ಮ ಶಾಸಕಿಯಾಗಿ ಸುಮಾರು ಎಂಟು ತಿಂಗಳಾಗಿತ್ತು. ಸಾಲದ್ದಕ್ಕೆ, ರಾಜ್ಯದಲ್ಲಿ ಸ್ವಂತ ಸರ್ಕಾರವಿದ್ದುದೇ ಈ ಕ್ಷೇತ್ರವನ್ನು ಆರಿಸಿಕೊಳ್ಳಲು ಒಂದು ಬಲವಾದ ಕಾರಣವೆಂದು ನನಗೆ ಅನಿಸುತ್ತದೆ. ಹಾಗಿದ್ದರೆ ನಾನು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿದ್ದೆ.

ವೀರೇಂದ್ರ ಪಾಟೀಲರ ಹೆಸರಿನಲ್ಲಿ ಇನ್ನೊಮ್ಮೆ ಎಡವಿದೆ. 1989ರಲ್ಲಿ ಮೋಟಮ್ಮ ಎರಡನೆಯ ಬಾರಿ ಗೆದ್ದಾಗ ಮುಖ್ಯಮಂತ್ರಿಯಾದವರು ಅವರೇ, ಅದೂ ಕಾಂಗ್ರೆಸ್ಸಿನಿಂದ. ಬೇರೆ ಯಾರೋ ಪಾಟೀಲರಿರಬೇಕೆಂದು ಒಂದು ಇಡೀ ಸಂಜೆ ಹುಡುಕಾಡಿದ್ದೇನೆ. ಹನ್ನೊಂದು ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ಇಂದಿರಾ ಅವರ ವಿರುದ್ಧ ನಿಂತಿದ್ದವರು ಈಗ ಅದೇ ಪಕ್ಷದ ಶಾಸಕಾಂಗ ನಾಯಕರಾಗಿದ್ದರು.

ಮೂರನೆಯ ಗೆಲುವು 1999ರದು. ನೆನಪಿಗೆ ನನ್ನ ಉಪಾಯ ಇಷ್ಟೇ: 78ಕ್ಕೆ 11 ಕೂಡಿಸಿ, ಬಂದದ್ದಕ್ಕೆ 10 ಕೂಡಿಸಿ. ಮೂರು ಸಲವೂ ರಾಜ್ಯದಲ್ಲಿ ಅವರ ಪಕ್ಷದ್ದೇ ಸರ್ಕಾರ: ಅರಸು, ಪಾಟೀಲ, ಎಸ್.ಎಂ. ಕೃಷ್ಣ.

ಕೃಷ್ಣ ಅವರ ಸಂಪುಟದಲ್ಲಿ ಮೋಟಮ್ಮ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದರು. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ ಆ ಕಾಲದ್ದು: ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹದಿನೈದು ಇಪ್ಪತ್ತು ಹೆಂಗಸರ ಸ್ವಸಹಾಯ ಸಂಘ ಕಟ್ಟುವುದು, ವಾರಕ್ಕೊಮ್ಮೆ ಉಳಿತಾಯ, ಅದರಿಂದಲೇ ಒಳಸಾಲ. ಈ ಭಾಗವನ್ನು ನಾನು ಉರು ಹೊಡೆಯಬೇಕಾಗಲಿಲ್ಲ, ನಮ್ಮಮ್ಮನ ಸಂಘದ ಪಾಸ್‌ಬುಕ್ ಅಕ್ಕಿ ಡಬ್ಬಿಯ ಮೇಲೆಯೇ ಇರುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅದರ ಸಾಲುಗಳು ತುಂಬಿರುತ್ತವೆ, ಮಳೆಗಾಲದಲ್ಲಿ ನಡುನಡುವೆ ಖಾಲಿ.

ಇನ್ನು ವಿರೋಧ ಪಕ್ಷದ ನಾಯಕಿಯ ಪ್ರಶ್ನೆ. 2008ರಿಂದ 2013ರವರೆಗಿನ ಬಿಜೆಪಿ ಆಡಳಿತದಲ್ಲಿ ಸಿದ್ದರಾಮಯ್ಯನವರೂ ಮೋಟಮ್ಮನವರೂ ವಿರೋಧ ಪಕ್ಷದ ನಾಯಕರಾಗಿದ್ದರೆಂದು ಓದಿದರೆ ಗಾಬರಿಯಾಗಬೇಕಿಲ್ಲ. ಅವರದು ವಿಧಾನಸಭೆ, ಇವರದು 75 ಸದಸ್ಯರ ವಿಧಾನ ಪರಿಷತ್ತು, ಸದನಕ್ಕೊಬ್ಬ ನಾಯಕರಿರುತ್ತಾರೆ.

2023ರಲ್ಲಿ ಮೂಡಿಗೆರೆಯಿಂದ ಗೆದ್ದ ನಯನಾ ಮೋಟಮ್ಮ ಇವರ ಮಗಳು. ಅಂತರ 722 ಮತಗಳು.