ಸಾಗರತಳದ ನಕ್ಷೆ: ಅಳೆಯುವುದು ಕಾಲವನ್ನು, ಬರೆಯುವುದು ಆಳವನ್ನು

ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿರುವ ಹಾಸನದಲ್ಲಿ ಸಾಗರತಳದ ಸಮೀಕ್ಷೆಯ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಕಾಫಿ ತೋಟದ ನೆರಳಿನ ಮರಗಳನ್ನು ಬಿಡಿಬಿಡಿಯಾಗಿ ತೋರಿಸುವ ಉಪಗ್ರಹಕ್ಕೆ ಕಡಲಿನ ತಳವೇಕೆ ಕಾಣದು? ಬೆಳಕಾಗಲಿ ರೇಡಾರ್ ಅಲೆಯಾಗಲಿ ನೀರಿನೊಳಗೆ ಹೆಚ್ಚು ದೂರ ಸಾಗಲಾರವು. ಕಡಲೊಳಗಿನ ಬೆಟ್ಟದ ಗುರುತ್ವದಿಂದ ಅದರ ಮೇಲಿನ ನೀರು ತುಸು ಉಬ್ಬಿರುತ್ತದೆ. ಉಪಗ್ರಹವು ಆ ಉಬ್ಬನ್ನು ಅಳೆದು ಕೊಡುವ ಚಿತ್ರದಲ್ಲಿ ಕೆಲವು ಕಿಲೋಮೀಟರಿಗಿಂತ ಕಿರಿದಾದುದು ತೋರುವುದಿಲ್ಲ. ಸಾಗರದ ಸರಾಸರಿ ಆಳ ಸುಮಾರು 3,700 ಮೀಟರ್. ಮುಳ್ಳಯ್ಯನಗಿರಿಯನ್ನು ಅಲ್ಲಿ ಮುಳುಗಿಸಿಟ್ಟರೂ ಅದರ ನೆತ್ತಿಯ ಮೇಲೆ 1,700 ಮೀಟರಿಗೂ ಹೆಚ್ಚು ನೀರು ಉಳಿಯುತ್ತದೆ. ಅಷ್ಟು ನೀರನ್ನು ದಾಟಿ ಹೋಗಿಬರಬಲ್ಲದ್ದು ಶಬ್ದ ಮಾತ್ರ.

ಹಡಗಿನ ಅಡಿಯಲ್ಲಿ ಕೂರಿಸಿದ ಮಲ್ಟಿಬೀಮ್ ಸೋನಾರ್ ಹಡಗಿನ ಹಾದಿಗೆ ಅಡ್ಡಲಾಗಿ ಬೀಸಣಿಗೆಯಂತೆ ಶಬ್ದವನ್ನು ಹರಡಿ, ಮರಳಿ ಬರುವ ಪ್ರತಿಧ್ವನಿಯನ್ನು ನೂರಾರು ಕಿರಿದಾದ ಕಿರಣಗಳಾಗಿ ಬೇರ್ಪಡಿಸಿ ಆಲಿಸುತ್ತದೆ. 4,000 ಮೀಟರ್ ಆಳದಿಂದ ಪ್ರತಿಧ್ವನಿ ಮರಳಲು ಐದು ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಒಂದು ಡಿಗ್ರಿ ಅಗಲದ ಕಿರಣವು ಆ ಆಳದಲ್ಲಿ ಸುಮಾರು 70 ಮೀಟರ್ ಜಾಗವನ್ನು ಒಂದೇ ಬಿಂದುವಾಗಿ ನೋಡುವುದರಿಂದ, ಮುಳುಗಿದ ವಿಮಾನವನ್ನು ಇದರಿಂದ ಹುಡುಕಲಾಗದು. ಅದಕ್ಕೆ ತಳದ ಸಮೀಪಕ್ಕೇ ಉಪಕರಣವನ್ನು ಇಳಿಸಬೇಕು.

ನಿಜವಾದ ತೊಡಕಿರುವುದು ನೀರಿನಲ್ಲಿ. ಉಪಕರಣ ಅಳೆಯುವುದು ಕಾಲವನ್ನು; ಅದನ್ನು ಆಳವಾಗಿಸಲು ಶಬ್ದದ ವೇಗ ಗೊತ್ತಿರಬೇಕು, ಆ ವೇಗವೋ ಉಷ್ಣತೆ, ಲವಣಾಂಶ ಮತ್ತು ಒತ್ತಡಗಳೊಂದಿಗೆ ಪದರದಿಂದ ಪದರಕ್ಕೆ ಬದಲಾಗುತ್ತದೆ. ಅರಬ್ಬಿ ಸಮುದ್ರದ ಬೆಚ್ಚಗಿನ ಮೇಲ್ಪದರದಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ಇರುವ ವೇಗ ಕೆಳಗಿಳಿದಂತೆ ಕುಗ್ಗಿ, ಇನ್ನೂ ಆಳದಲ್ಲಿ ಒತ್ತಡದಿಂದಾಗಿ ಮತ್ತೆ ಏರುತ್ತದೆ. ಶೇಕಡ ಒಂದರಷ್ಟು ವೇಗ ತಪ್ಪಿದರೆ 4,000 ಮೀಟರಿನಲ್ಲಿ 40 ಮೀಟರ್ ತಪ್ಪು. ಅಂಚಿನ ಕಿರಣಗಳು ಓರೆಯಾಗಿ ಹೋಗುವುದರಿಂದ ಪದರಗಳ ನಡುವೆ ಬಾಗಿಯೂ ಬಿಡುತ್ತವೆ. ಆಗ ಚಪ್ಪಟೆ ಬಯಲೂ ನಕ್ಷೆಯಲ್ಲಿ ಅಂಚು ಮೇಲೆದ್ದ ತಟ್ಟೆಯಾಗಿಯೋ ಕವುಚಿದ ತಟ್ಟೆಯಾಗಿಯೋ ಮೂಡುತ್ತದೆ. ಆದ್ದರಿಂದ ಹಡಗನ್ನು ನಿಲ್ಲಿಸಿ, ನೀರಿನ ಉಷ್ಣತೆ, ಲವಣಾಂಶ ಮತ್ತು ಒತ್ತಡಗಳನ್ನು ಅಳೆಯುವ ಸಿಟಿಡಿ ಎಂಬ ಉಪಕರಣವನ್ನು ವಿಂಚಿನ ತಂತಿಯಲ್ಲಿ ತಳದವರೆಗೆ ಇಳಿಸಿ ಎತ್ತಬೇಕು. ಇದಕ್ಕೆ ಎರಡು ತಾಸಿಗೂ ಹೆಚ್ಚು ಹಿಡಿಯುತ್ತದೆ. ಹಡಗಿನ ಬಾಡಿಗೆಯ ಲೆಕ್ಕ ನೋಡುವವರಿಗೆ ಈ ಎರಡು ತಾಸು ದಂಡವೆಂದು ತೋರುವುದುಂಟು. ನನ್ನ ಮಟ್ಟಿಗೆ ಇಡೀ ಸಮೀಕ್ಷೆಯಲ್ಲಿ ಉಳಿತಾಯ ಮಾಡಬಾರದ ಸಮಯವೆಂದರೆ ಇದೇ. ನಡುನಡುವೆ, ಹಡಗು ಚಲಿಸುತ್ತಿರುವಾಗಲೇ, ಕೂದಲೆಳೆಯಂಥ ತಾಮ್ರದ ತಂತಿ ಬಿಚ್ಚಿಕೊಳ್ಳುತ್ತ ಬೀಳುವ, ಒಮ್ಮೆ ಬಳಸಿ ಬಿಡುವ ಎಕ್ಸ್‌ಬಿಟಿ ಎಂಬ ಉಷ್ಣತಾಮಾಪಕವನ್ನು ಎಸೆದು ಮೇಲ್ಪದರದ ಉಷ್ಣತೆಯನ್ನಷ್ಟೇ ನೋಡಿಕೊಳ್ಳುತ್ತೇವೆ.

ಹಡಗಿನ ವಾಲಾಟದ್ದು ಇನ್ನೊಂದು ಲೆಕ್ಕ. ಅದನ್ನು ಅಳೆಯುವಲ್ಲಿ ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ, 60 ಡಿಗ್ರಿ ಓರೆಯ ಕಿರಣದಲ್ಲಿ ಅದೇ 4,000 ಮೀಟರ್ ಆಳಕ್ಕೆ ಸುಮಾರು 12 ಮೀಟರ್ ವ್ಯತ್ಯಾಸ ಬರುತ್ತದೆ. ಮಳೆಗಾಲದ ಕಡಲಿನಲ್ಲಂತೂ ಅಲೆಗೆದುರಾಗಿ ಸಾಗುವ ಹಡಗಿನಡಿ ಗಾಳಿಗುಳ್ಳೆಗಳು ನುಗ್ಗಿ ಪ್ರತಿಧ್ವನಿಯೇ ಕೇಳಿಸದೆ ಹೋಗುತ್ತದೆ.

ನಕ್ಷೆ ಸರಿಯಿದೆಯೇ ಎಂದು ತಿಳಿಯಲು, ಸಮಾನಾಂತರವಾಗಿ ಸಾಗಿದ ಗೆರೆಗಳನ್ನು ಅಡ್ಡಹಾಯುವಂತೆ ಇನ್ನೊಂದು ಗೆರೆ ಓಡಿಸಿ, ಅದರ ನಡುಗಿರಣಗಳ ಆಳವನ್ನು ಹಳೆಯ ಗೆರೆಗಳ ಅಂಚಿನ ಆಳದೊಂದಿಗೆ ಹೋಲಿಸುತ್ತೇವೆ. ವಿದ್ಯಾರ್ಥಿಗಳು ಬಣ್ಣದ ನಕ್ಷೆಯನ್ನು ಮುಂದಿಟ್ಟಾಗ ನಾನು ಮೊದಲು ಕೇಳುವುದು ಈ ಹೋಲಿಕೆಯನ್ನು ಮತ್ತು ಶಬ್ದವೇಗದ ಕಡತವನ್ನು. 2025ರ ಹೊತ್ತಿಗೂ ಜಗತ್ತಿನ ಸಾಗರತಳದ ಸುಮಾರು ಕಾಲುಭಾಗವಷ್ಟೇ ಇಂಥ ನೇರ ಅಳತೆಗೆ ಒಳಪಟ್ಟಿದೆ. ಮೊಬೈಲಿನ ಭೂಪಟದಲ್ಲಿ ಮಸುಕಾದ ಕಡಲತಳದ ನಡುವೆ ಸ್ಪಷ್ಟವಾದ ಪಟ್ಟಿಗಳು ಕಂಡರೆ, ಅವು ಸಾಮಾನ್ಯವಾಗಿ ಸೋನಾರ್ ಹೊತ್ತ ಹಡಗುಗಳು ಸಾಗಿದ ಹಾದಿಗಳು. ಉಳಿದ ಬಹುಪಾಲು ಉಪಗ್ರಹದ ಅಂದಾಜು.