ಎಸಿ ಚಾಲೂ ಆಗದಿದ್ದರೆ ಮೊದಲು ಕರೆಂಟಿನ ದಾರಿ ನೋಡಿ

ಯುಗಾದಿ ಹತ್ತಿರ ಬಂತೆಂದರೆ ಕಲಬುರಗಿಯಲ್ಲಿ ಎಸಿ ರಿಪೇರಿ ಮಾಡುವ ನನ್ನ ಫೋನಿಗೆ ಬಿಡುವಿಲ್ಲ. ದೀಪಾವಳಿ ಆದಮೇಲೆ ನಿಲ್ಲಿಸಿದ ಎಸಿಯನ್ನು ಜನ ಮತ್ತೆ ಹಾಕುವುದು ಆಗಲೇ. ನಾಲ್ಕೈದು ತಿಂಗಳು ಸುಮ್ನೆ ಕೂತ ಮೆಷಿನ್ ಕೆಲವು ಮನೆಗಳಲ್ಲಿ ಏಳುವುದೇ ಇಲ್ಲ. "ಎಸಿ ಚಾಲೂನೇ ಆಗವಲ್ದರಿ, ಗ್ಯಾಸ್ ಖಾಲಿ ಆಗ್ಯಾದೇನು ನೋಡ್ರಿ" ಎಂದೇ ಹೆಚ್ಚಿನವರು ಮಾತು ಶುರು ಮಾಡುತ್ತಾರೆ.

ಗ್ಯಾಸಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಅಡುಗೆಮನೆಯ ಸಿಲಿಂಡರ್‌ನಂತೆ ಎಸಿಯ ಗ್ಯಾಸ್ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಇದೆ ಎಂದರ್ಥ. ಆಗಲೂ ಸಾಮಾನ್ಯವಾಗಿ ಎಸಿ ಆನ್ ಆಗುತ್ತದೆ, ಗಾಳಿ ಬರುತ್ತದೆ, ತಂಪು ಮಾತ್ರ ಬರುವುದಿಲ್ಲ. ಒಂದು ಲೈಟೂ ಹೊತ್ತದ, ಬೀಪ್ ಸದ್ದೂ ಬಾರದ ಎಸಿಗೆ ಯಾರಾದರೂ ಬಂದ ಕೂಡಲೇ "ಗ್ಯಾಸ್ ತುಂಬಬೇಕು" ಎಂದರೆ ಒಪ್ಪಬೇಡಿ. ಅದು ಕರೆಂಟಿನ ಸಮಸ್ಯೆ.

ಹಾಗಾಗಿ ಕರೆಂಟ್ ಬರುವ ದಾರಿಯಲ್ಲೇ ನೀವೂ ನಡೆದುಬನ್ನಿ. ಮೊದಲು ಎಂಸಿಬಿ ಪೆಟ್ಟಿಗೆ. ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು (ಟ್ರಿಪ್ ಆಗಿ) ಆಫ್ ಆಗುವ ಸ್ವಿಚ್. ಟ್ರಿಪ್ ಆದ ಎಂಸಿಬಿಯ ಕಡ್ಡಿ ಕೆಲವು ಸಲ ಪೂರ್ತಿ ಕೆಳಗೆ ಬೀಳದೆ ನಡುವೆ ನಿಂತಿರುತ್ತದೆ. ದೂರದಿಂದ ನೋಡಿದರೆ ಆನ್ ಇದ್ದಂತೆಯೇ ಕಾಣುತ್ತದೆ. ಅದನ್ನು ಒಮ್ಮೆ ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆತ್ತಿ. ಎಸಿ ಹಾಕಿದ ಕೂಡಲೇ ಮತ್ತೆ ಬಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಬಿದ್ದಷ್ಟು ಸಲ ಎತ್ತುವುದು, ಇಲ್ಲವೇ ದೊಡ್ಡ ಎಂಸಿಬಿ ಹಾಕಿಸುವುದು ಎರಡೂ ಅಪಾಯ. ಎಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಲೋಡ್ ಮಿತಿ ಮೀರಿದೆ ಎಂದು ಅದು ಹೇಳುತ್ತಿದೆ. ಅದರ ಬಾಯಿ ಮುಚ್ಚಿಸಿದರೆ ಗೋಡೆಯೊಳಗಿನ ವೈರ್ ಬಿಸಿಯಾಗುತ್ತದೆ.

ಆಮೇಲೆ ಪ್ಲಗ್ ಮತ್ತು ಸಾಕೆಟ್. ನಾನು ಹೆಚ್ಚು ತೊಂದರೆ ಕಂಡಿರುವ ಜಾಗ ಇದು. ಒಂದೂವರೆ ಟನ್ನಿನ ಎಸಿ ಓಡುವಾಗ ಸುಮಾರು 7 ಆಂಪಿಯರ್ ಕರೆಂಟ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸ್ವಲ್ಪ ಸಡಿಲವಿದ್ದರೂ ಅಲ್ಲಿ ಬಿಸಿ ಹುಟ್ಟುತ್ತದೆ. ಬಿಸಿಯಾದ ಪಟ್ಟಿ ತನ್ನ ಬಿಗಿ ಕಳೆದುಕೊಂಡು ಇನ್ನಷ್ಟು ಸಡಿಲವಾಗುತ್ತದೆ, ಬಿಸಿ ಇನ್ನೂ ಏರುತ್ತದೆ. ಕೊನೆಗೆ ಪ್ಲಾಸ್ಟಿಕ್ ಕರಗಿ, ಪಿನ್ ಕಪ್ಪಾಗಿ, ಸಂಪರ್ಕ ಕಡಿದುಹೋಗುತ್ತದೆ. ಹೋದ ಮೇ ತಿಂಗಳಲ್ಲಿ ವಯಸ್ಸಾದ ದಂಪತಿಯ ಮನೆಗೆ ಹೋಗಿದ್ದೆ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಎಸಿಯೊಳಗಿನ ಸರ್ಕ್ಯೂಟ್ ಬೋರ್ಡ್ ಹೋಗಿದೆ, ಹೊಸದಕ್ಕೆ ಸಾವಿರಾರು ರೂಪಾಯಿ ಆಗುತ್ತದೆ ಎಂದು ಬೇರೆ ಯಾರೋ ಹೇಳಿ ಹೋಗಿದ್ದರಂತೆ. "ಎರಡು ದಿನದಿಂದ ನಿದ್ದಿ ಇಲ್ಲ ನೋಡಪ್ಪಾ" ಎಂದರು ಆ ತಾಯಿ. ಪ್ಲಗ್ ಎಳೆದೆ. ಒಂದು ಪಿನ್ ಇದ್ದಿಲಿನಂತಾಗಿತ್ತು. ಹೊಸ 16 ಆಂಪಿಯರ್ ಸಾಕೆಟ್, ಹೊಸ ಪ್ಲಗ್ ಹಾಕಿದೆ. ಎಸಿ ಓಡಿತು. ಅವರು ಎರಡು ದಿನ ಮೊದಲೇ ನನಗೊಂದು ಫೋನ್ ಮಾಡಿ ಕೇಳಿದ್ದರೂ ಸಾಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಸುಟ್ಟ ವಾಸನೆ, ಕಂದು ಕಲೆ, ಮುಟ್ಟಿದರೆ ಬಿಸಿ, ಇಷ್ಟರಲ್ಲಿ ಒಂದು ಕಂಡರೂ ಎಂಸಿಬಿ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎಸಿ ಓಡಿಸುವ ಯೋಚನೆ ಬೇಡವೇ ಬೇಡ.

ಮುಂದಿನದು ಸ್ಟೆಬಿಲೈಜರ್, ಅಂದರೆ ವೋಲ್ಟೇಜಿನ ಏರಿಳಿತ ಸರಿಪಡಿಸುವ ಪೆಟ್ಟಿಗೆ. ಬೇಸಿಗೆಯ ಸಂಜೆ ಎಲ್ಲರ ಮನೆಯಲ್ಲೂ ಎಸಿ, ಕೂಲರ್, ಮೋಟರ್ ಒಟ್ಟಿಗೆ ಓಡುತ್ತವೆ, ಅಲ್ವಾ? 230 ವೋಲ್ಟ್ ಇರಬೇಕಾದದ್ದು ತುಂಬಾ ಕೆಳಗಿಳಿಯುತ್ತದೆ. ಆಗ ಸ್ಟೆಬಿಲೈಜರ್ ಕರೆಂಟನ್ನು ತಡೆದು ನಿಲ್ಲಿಸುತ್ತದೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಇನ್ನೊಂದು ಮಾತು. ಕರೆಂಟ್ ಹೋಗಿ ಬಂದಮೇಲೆ ಸ್ಟೆಬಿಲೈಜರ್ ಆಗಲಿ ಎಸಿ ಆಗಲಿ ಸುಮಾರು 3 ನಿಮಿಷ ಕಾಯುತ್ತದೆ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ನಿಂತಾಗ ಅದರ ಒಂದು ಕಡೆ ಒತ್ತಡ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇರುತ್ತದೆ. ಎರಡೂ ಸಮವಾಗಲು ಅಷ್ಟು ಹೊತ್ತು ಬೇಕು. ಸಮವಾಗುವ ಮೊದಲೇ ಎಬ್ಬಿಸಿದರೆ ಮೋಟರ್ ತಿರುಗಲಾರದೆ ವಿಪರೀತ ಕರೆಂಟ್ ಎಳೆದು ಬಿಸಿಯಾಗುತ್ತದೆ. ಜನ ಎರಡು ನಿಮಿಷ ನೋಡಿ ತಾಳ್ಮೆಗೆಟ್ಟು ಆಫ್ ಮಾಡಿ ಆನ್ ಮಾಡುತ್ತಾರೆ. ಎಣಿಕೆ ಮತ್ತೆ ಮೊದಲಿನಿಂದ ಶುರು. ಹೀಗೆ ಅರ್ಧ ಗಂಟೆ ಒದ್ದಾಡಿ ನನಗೆ ಫೋನ್ ಮಾಡಿದವರಿದ್ದಾರೆ. ಒಮ್ಮೆ ಹಾಕಿ, ಐದು ನಿಮಿಷ ಮುಟ್ಟದೆ ಬಿಡಿ.

ರಿಮೋಟ್ ಮೇಲೆ ಅನುಮಾನವಿದ್ದರೆ ಅದರ ತುದಿಯನ್ನು ಮೊಬೈಲಿನ ಮುಂದಿನ ಕ್ಯಾಮೆರಾಗೆ ಹಿಡಿದು ಬಟನ್ ಒತ್ತಿ. ಪರದೆಯಲ್ಲಿ ಸಣ್ಣ ಬೆಳಕು ಮಿನುಗಿದರೆ ರಿಮೋಟ್ ಸಿಗ್ನಲ್ ಕಳಿಸುತ್ತಿದೆ. ಒಳಗಿನ ಯೂನಿಟ್‌ನಲ್ಲಿ, ಸಾಮಾನ್ಯವಾಗಿ ಮುಂದಿನ ಮುಚ್ಚಳ ಎತ್ತಿದರೆ, ಒಂದು ಪುಟ್ಟ ಬಟನ್ ಇರುತ್ತದೆ. ರಿಮೋಟಿನ ಬೆಳಕು ಮಿನುಗದೆ, ಈ ಬಟನ್ ಒತ್ತಿದಾಗ ಎಸಿ ಓಡಿದರೆ ರಿಮೋಟಿನ ಸೆಲ್ ಬದಲಿಸಿ. ಮೋಡ್ 'ಕೂಲ್' ಇದೆಯೇ, ಕೋಣೆಯ ಬಿಸಿಗಿಂತ ಕಡಿಮೆ ಡಿಗ್ರಿ ಇಟ್ಟಿದ್ದೀರಾ ಎಂದೂ ನೋಡಿ.

ಒಳಗೆ ಗಾಳಿ ಬಂದು, ಹೊರಗಿನ ಯೂನಿಟ್ ಮಾತ್ರ ಏಳದಿದ್ದರೆ ಅದು ನಮ್ಮ ಕೆಲಸ. ಹಳೆಯ ಮಾದರಿಯಲ್ಲಿ 'ಗುಂಯ್' ಎಂದು ಸದ್ದು ಬಂದು ನಿಂತುಬಿಟ್ಟರೆ ಮೊದಲ ಅನುಮಾನ ಮೋಟರ್ ಏಳಲು ನೆರವಾಗುವ ಕೆಪಾಸಿಟರ್ ಮೇಲೆ. ಇನ್ವರ್ಟರ್ ಎಸಿಯಲ್ಲಿ (ಕಂಪ್ರೆಸರ್ ವೇಗವನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಮಾದರಿ) ಹೆಚ್ಚಾಗಿ ಬೋರ್ಡ್. ಮುಚ್ಚಳ ತೆಗೆದಾಗ ಬೋರ್ಡಿಗೆ ಅಂಟಿ ಸತ್ತ ಹಲ್ಲಿಗಳನ್ನು ಎಷ್ಟೋ ಸಲ ತೆಗೆದಿದ್ದೇನೆ. ಬೆಚ್ಚಗಿನ ಜಾಗವೆಂದು ಒಳಗೆ ಸೇರುತ್ತವೆ, ಎರಡು ಕರೆಂಟ್ ಬಿಂದುಗಳ ಮೇಲೆ ಮೈ ಚಾಚಿದರೆ ಶಾರ್ಟ್. ಇರುವೆ ಗೂಡು, ಇಲಿ ಕಡಿದ ವೈರ್ ಕೂಡ ಸಿಗುತ್ತವೆ. ದಯವಿಟ್ಟು ನೀವೇ ತೆಗೆಯಲು ಹೋಗಬೇಡಿ. ಪ್ಲಗ್ ಕಿತ್ತಮೇಲೂ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. ಇನ್ವರ್ಟರ್ ಬೋರ್ಡಿನಲ್ಲಿ ಅದು 300 ವೋಲ್ಟ್ ದಾಟುತ್ತದೆ. ಈ ಕೆಲಸದಲ್ಲಿ ಇಷ್ಟು ವರ್ಷವಾದರೂ ಪ್ರತಿ ಸಲ ಮೀಟರ್ ಹಿಡಿದು ನೋಡಿಯೇ ನಾನು ಕೈ ಹಾಕುವುದು.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಎಸಿಯ ಪಕ್ಕದ ಸ್ಟಿಕರಿನ ಫೋಟೊ ಕಳಿಸಿ. ಸ್ಟೆಬಿಲೈಜರ್ ಎಷ್ಟು ವೋಲ್ಟ್ ತೋರಿಸುತ್ತಿದೆ, ಲೈಟ್ ಎಷ್ಟು ಸಲ ಮಿನುಗಿ ನಿಲ್ಲುತ್ತದೆ, ಪರದೆಯಲ್ಲಿ ಯಾವ ಅಕ್ಷರ ಬಂದಿದೆ, ಹೊರಗಿನ ಯೂನಿಟ್ ಸದ್ದು ಮಾಡುತ್ತದೆಯೇ ಎಂದು ಹೇಳಿ. ಕೋಡ್ ಕಂಪನಿಯಿಂದ ಕಂಪನಿಗೆ ಬೇರೆ, ಅದಕ್ಕೇ ಮಾದರಿ ನಂಬರ್ ಬೇಕು. ಇಷ್ಟು ಗೊತ್ತಿದ್ದರೆ ಬೇಕಾಗಬಹುದಾದ ಸಾಮಾನು ಚೀಲದಲ್ಲಿ ಹಾಕಿಕೊಂಡೇ ಹೊರಡಬಹುದು. ಬಿಸಿಲಲ್ಲಿ ನಿಮಗೆ ಎರಡನೇ ದಿನ ಕಾಯುವುದು ತಪ್ಪುತ್ತದೆ.